ಸರ್ ಹಂಫ್ರಿ ಡೇವಿ: ಹೇಳದೆ ಉಳಿದ ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಪರಿಚಯವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನ್ನ ಮನಸ್ಸಿಗೆ ಬಂದ ಹೆಸರು ಸರ್ ಹಂಫ್ರಿ ಡೇವಿಯದು. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಅಧ್ಯಾಪಕ ವೃತ್ತಿಗೆ ಬಂದ ನಾನು ಈತನ ಪಾಠವನ್ನು ಎಷ್ಟು ತರಗತಿಗಳಿಗೆ ಮಾಡಿದೆನೋ ಲೆಕ್ಕವಿಲ್ಲ. ಗಣಿ ಕಾರ್ಮಿಕರ ರಕ್ಷಾದೀಪದ ಚಿತ್ರವನ್ನು ಕರಿಹಲಗೆಯ ಮೇಲೆ ಬಿಡಿಸಿ, ಸೋಡಿಯಂ ಮತ್ತು ಪೊಟ್ಯಾಸಿಯಂಗಳನ್ನು ಬೇರ್ಪಡಿಸಿದವನೂ ಈತನೇ ಎಂದು ಹೇಳಿ ಪುಸ್ತಕ ಮುಚ್ಚುತ್ತಿದ್ದೆ. ಆತನು ಸೋತ ಕಥೆಯನ್ನು ಮಾತ್ರ ಒಂದು ಸಲವೂ ಹೇಳಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ಡೇವಿಯು 1778ರ ದಶಂಬರ 17ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪೆನ್‌ಜಾನ್ಸ್ ಎಂಬ ಕಡಲತಡಿಯ ಊರಿನಲ್ಲಿ ಜನಿಸಿದನು. ತಂದೆ ಮರದ ಕೆತ್ತನೆಯ ಕೆಲಸಗಾರ. 1794ರಲ್ಲಿ ತಂದೆ ಸಾಲ ಉಳಿಸಿ ತೀರಿಕೊಂಡಾಗ ಐವರು ಮಕ್ಕಳಲ್ಲಿ ಹಿರಿಯನಾದ ಈತನು ಊರಿನ ವೈದ್ಯನೊಬ್ಬನ ಬಳಿ ಔಷಧಿ ಅರೆಯುವ ಕೆಲಸಕ್ಕೆ ಸೇರಬೇಕಾಯಿತು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ರಸಾಯನಶಾಸ್ತ್ರವನ್ನು ತಾನೇ ಓದಿ ಕಲಿತನು. ಇಪ್ಪತ್ತೆರಡರ ಪ್ರಾಯದಲ್ಲಿ, 1801ರಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನನ್ನು ಸೇರಿದ ಮೇಲೆ ಆತನ ಉಪನ್ಯಾಸಗಳನ್ನು ಕೇಳಲು ಜನ ಕಿಕ್ಕಿರಿದು ನೆರೆಯುತ್ತಿದ್ದರು. 1807ರಲ್ಲಿ ವಿದ್ಯುತ್ತನ್ನು ಹಾಯಿಸಿ ಪೊಟ್ಯಾಸಿಯಂ, ಸೋಡಿಯಂಗಳನ್ನು ಪಡೆದದ್ದು, 1812ರಲ್ಲಿ ಸರ್ ಪದವಿ, ಮರುವರ್ಷ ಫ್ಯಾರಡೆಯನ್ನು ಸಹಾಯಕನನ್ನಾಗಿ ತೆಗೆದುಕೊಂಡದ್ದು, 1815ರಲ್ಲಿ ರಕ್ಷಾದೀಪ, 1820ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷಪೀಠ — ಇವೆಲ್ಲ ಪಾಠಪುಸ್ತಕದಲ್ಲಿರುವ ಸಂಗತಿಗಳೇ.

ಇನ್ನು ನಾನು ಹೇಳಬೇಕೆಂದಿರುವ ವಿಷಯ. ಆ ಕಾಲದ ಹಡಗುಗಳು ಮರದವು. ಮರ ಕೊರೆಯುವ ಹುಳುಗಳಿಂದ ಕಾಪಾಡಲು ಬ್ರಿಟಿಷ್ ನೌಕಾಪಡೆಯವರು ಹಡಗಿನ ತಳಕ್ಕೆ ತಾಮ್ರದ ತಗಡನ್ನು ಹೊದಿಸುತ್ತಿದ್ದರು. 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿಗೆ ಮೊದಲು ಹೀಗೆ ಮಾಡಿ ವೆಸ್ಟ್ ಇಂಡೀಸಿಗೆ ಕಳುಹಿದರು. ಎರಡು ವರ್ಷಗಳ ಬಳಿಕ ನೋಡಿದರೆ ತಗಡು ಚೆನ್ನಾಗಿತ್ತು, ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಮಾತ್ರ ತುಕ್ಕು ತಿಂದು ಕರಗಿಹೋಗಿದ್ದವು. ತಗಡಿಗೆ ಸುತ್ತಿ ಬಂದಿದ್ದ ಕಂದು ಕಾಗದ ಅಕಸ್ಮಾತ್ತಾಗಿ ನಡುವೆ ಸಿಕ್ಕಿಕೊಂಡಲ್ಲಿ ಮೊಳೆ ಗಟ್ಟಿಯಾಗಿಯೇ ಉಳಿದಿತ್ತು. ತಾಮ್ರದ ಸ್ಪರ್ಶವೇ ಕಬ್ಬಿಣಕ್ಕೆ ಮುಳುವು ಎಂಬುದು ಅಷ್ಟಕ್ಕೆ ತಿಳಿಯಿತು. ಏಕೆ ಎಂಬುದು ತಿಳಿಯಲಿಲ್ಲ.

ಆ ಕಾರಣವನ್ನು ತಿಳಿಸಿದವನು ಡೇವಿ. ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು ಉಪ್ಪುನೀರಿನಲ್ಲಿದ್ದರೆ ಅದೊಂದು ಸಣ್ಣ ವಿದ್ಯುತ್ಕೋಶವೇ ಆಗುತ್ತದೆ. ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಲೋಹವು (ಡೇವಿಯ ಕಾಲಕ್ಕೆ ಎಲೆಕ್ಟ್ರಾನಿನ ಹೆಸರೇ ಇರಲಿಲ್ಲ) ಬೇಗ ಕರಗುತ್ತದೆ, ಮತ್ತೊಂದು ಉಳಿದುಕೊಳ್ಳುತ್ತದೆ. ತಾಮ್ರದ ಜೊತೆಗಿದ್ದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಸತುವಿನ ಜೊತೆಗಿದ್ದರೆ ಸತು ಸವೆದು ಕಬ್ಬಿಣ ಉಳಿಯುತ್ತದೆ.

ಇದು ನನಗೆ ಪುಸ್ತಕದಿಂದ ಅರ್ಥವಾದದ್ದಲ್ಲ. ನಾನು ಮುಖ್ಯೋಪಾಧ್ಯಾಯನಾದ ಹೊಸತರಲ್ಲಿ ದಾನಿಗಳೊಬ್ಬರು ಹೊಸ ಕೊಠಡಿಯ ಕಿಟಕಿಗಳಿಗೆ ಹಿತ್ತಾಳೆಯ ಬಿಜಾಗರಿಗಳನ್ನು ಕೊಟ್ಟರು. ಹಿತ್ತಾಳೆಯ ತಿರುಪುಮೊಳೆಗೆ ಹಣ ಸಾಲದೆಂದು ಕಬ್ಬಿಣದ್ದನ್ನೇ ಹಾಕಲು ಹೇಳಿದವನು ನಾನು. ಆಚಾರಿಯು ಬೇಡ ಮಾಷ್ಟ್ರೇ ಎಂದು ತಲೆಯಾಡಿಸಿದ್ದನು, ನಾನು ಕೇಳಲಿಲ್ಲ. ನಮ್ಮ ಕಾಸರಗೋಡಿನ ಕಡಲ ಗಾಳಿಯಲ್ಲಿ ಉಪ್ಪಿಗೆ ಬರವಿಲ್ಲ. ಮೂರನೆಯ ಮಳೆಗಾಲದ ಒಂದು ಬೆಳಿಗ್ಗೆ ಕಿಟಕಿಯ ಬಾಗಿಲೊಂದು ಕಳಚಿ ಐದನೆಯ ತರಗತಿಯ ಬೆಂಚಿನ ಮೇಲೆ ಬಿತ್ತು. ಮಕ್ಕಳು ಅಂಗಳದಲ್ಲಿ ಪ್ರಾರ್ಥನೆಗೆ ನಿಂತಿದ್ದರು. ಹತ್ತು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ. ಬಿಜಾಗರಿ ಹೊಸದರಂತೆ ಹೊಳೆಯುತ್ತಿತ್ತು. ಮೊಳೆಗಳ ಕುತ್ತಿಗೆ ಮಾತ್ರ ಸೂಜಿಯಷ್ಟು ಸಪೂರವಾಗಿತ್ತು. ಅಗಲವಾದ ಹಿತ್ತಾಳೆಯ ಪಕ್ಕದಲ್ಲಿ ಚಿಕ್ಕ ಕಬ್ಬಿಣ! ಹಿತ್ತಾಳೆಯ ಹರಹೆಲ್ಲ ಕೂಡಿ ಆ ಚಿಕ್ಕದನ್ನು ತಿಂದಿತ್ತು. ಹಳೆಯ ಕಟ್ಟಡದ ಕಬ್ಬಿಣದ ಬಿಜಾಗರಿ, ಕಬ್ಬಿಣದ ಮೊಳೆಗಳು ಮೇಲೆ ಕೆಂಪಾಗಿದ್ದರೂ ಬಿಗಿಯಾಗಿಯೇ ಇದ್ದವು.

ಡೇವಿಯ ಮುಂದಿದ್ದದ್ದು ಇದರ ತಿರುಗುಮುರುಗಾದ ಸಮಸ್ಯೆ. ಕಡಲ ನೀರಿನಲ್ಲಿ ತಾಮ್ರವೂ ನಿಧಾನವಾಗಿ ಸವೆಯುತ್ತಿತ್ತು, ನೌಕಾಪಡೆಗೆ ಅಪಾರ ವೆಚ್ಚ ಬರುತ್ತಿತ್ತು. ಉಪಾಯ ಕೇಳಿಬಂದಾಗ ಆತನು ಕಬ್ಬಿಣದ ಕೇಡನ್ನೇ ತಾಮ್ರದ ರಕ್ಷಣೆಯಾಗಿ ತಿರುಗಿಸಿದನು. ಬಟಾಣಿಯಷ್ಟು ಸತು ಅಥವಾ ಸಣ್ಣ ಮೊಳೆಯೊಂದರ ತುದಿಯಷ್ಟು ಕಬ್ಬಿಣ ನಲವತ್ತು ಐವತ್ತು ಚದರ ಅಂಗುಲ ತಾಮ್ರವನ್ನು ಕಾಯುತ್ತದೆಂದು ಪ್ರಯೋಗಶಾಲೆಯಲ್ಲಿ ಕಂಡನು. ಪೋರ್ಟ್ಸ್‌ಮತ್ ಬಂದರಿನ ನೀರಿನಲ್ಲಿ ತಗಡುಗಳನ್ನು ವಾರಗಟ್ಟಲೆ ಇಳಿಬಿಟ್ಟು ನೋಡಿದನು. ತಾಮ್ರದ ಹರಹಿನ ನಲವತ್ತರಲ್ಲಿ ಒಂದರಿಂದ ನೂರೈವತ್ತರಲ್ಲಿ ಒಂದು ಪಾಲಿನಷ್ಟು ಕಾವಲು ಲೋಹವಿದ್ದರೆ ಸವೆತವೇ ಇರಲಿಲ್ಲ. 1824ರಲ್ಲಿ ರಾಯಲ್ ಸೊಸೈಟಿಯ ಮುಂದೆ ಇದನ್ನು ಓದಿದನು. ಹಡಗುಗಳ ತಳಕ್ಕೆ ಬೀಡುಕಬ್ಬಿಣದ ತುಂಡುಗಳನ್ನು ಜೋಡಿಸಲಾಯಿತು. ಅವುಗಳಲ್ಲಿ ಒಂದಾದ ‘ಸಮರಂಗ್’ ನಮ್ಮ ಕರಾವಳಿಯ ಕೊಚ್ಚಿಯಲ್ಲಿಯೇ ಕಟ್ಟಿ 1822ರಲ್ಲಿ ನೀರಿಗಿಳಿಸಿದ ಹಡಗು ಎಂಬುದು ನನಗೆ ವಿಶೇಷ ಸಂತೋಷದ ಸಂಗತಿ.

ಲೆಕ್ಕವೆಲ್ಲ ಸರಿಯಾಯಿತು. ತಾಮ್ರ ಸವೆಯಲಿಲ್ಲ, ಕಬ್ಬಿಣ ಸವೆಯಿತು. ಆದರೆ ಯಾತ್ರೆಯಿಂದ ಮರಳಿದ ಹಡಗುಗಳ ತಳದಲ್ಲಿ ಪಾಚಿ, ಚಿಪ್ಪುಜೀವಿಗಳು ದಟ್ಟವಾಗಿ ಅಂಟಿಕೊಂಡಿದ್ದವು. ಹಡಗುಗಳ ಓಟವೇ ಕುಂಠಿತವಾಯಿತು. ಕರಗುವ ತಾಮ್ರದ ನಂಜೇ ಅದುವರೆಗೆ ಅವುಗಳನ್ನು ದೂರವಿಟ್ಟಿತ್ತು. ಕರಗುವುದು ನಿಂತಿತು, ನಂಜೂ ನಿಂತಿತು. ಸಾಲದುದಕ್ಕೆ ಕಾವಲು ಪಡೆದ ತಾಮ್ರದ ಮೇಲೆ ಸುಣ್ಣದಂಥ ಪದರವೂ ಕೂಡಿ ಆ ಜೀವಿಗಳಿಗೆ ಒಳ್ಳೆಯ ಆಸರೆಯಾಯಿತು. 1825ರಲ್ಲಿಯೇ ತುಂಡುಗಳನ್ನು ಕಳಚುವ ಆಜ್ಞೆಗಳು ಹೊರಡತೊಡಗಿದವು. ರಾಯಲ್ ಸೊಸೈಟಿಯ ಅಧ್ಯಕ್ಷನನ್ನು ಗೇಲಿ ಮಾಡಲು ಕಾದಿದ್ದವರಿಗೆ ಹಬ್ಬವಾಯಿತು. ಸ್ವಭಾವತಃ ಅಭಿಮಾನಿಯಾದ ಡೇವಿಗೆ ಇದು ಬಹಳ ನಾಟಿತು. ಆತನ ತಪ್ಪು ರಸಾಯನಶಾಸ್ತ್ರದ್ದಲ್ಲ. ಕಡಲಿನಲ್ಲಿ ಜೀವಿಗಳೂ ಇವೆ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ಹೋದದ್ದು. ನನ್ನ ಕಿಟಕಿಯ ತಪ್ಪಿಗೆ ಅಷ್ಟು ದೊಡ್ಡ ಸಮರ್ಥನೆಯೂ ಇಲ್ಲ. ನನಗೆ ತಿಳಿದಿತ್ತು, ಅದನ್ನು ಕರಿಹಲಗೆಯಿಂದ ಈಚೆಗೆ ತಂದಿರಲಿಲ್ಲ.

1826ರ ಕೊನೆಯಲ್ಲಿ ಡೇವಿಗೆ ಪಾರ್ಶ್ವವಾಯು ಬಡಿಯಿತು. ಮರುವರ್ಷ ಅಧ್ಯಕ್ಷಪದವಿಯನ್ನು ಬಿಟ್ಟನು. ಆರೋಗ್ಯವನ್ನು ಅರಸುತ್ತ ಯುರೋಪಿನಲ್ಲಿ ಅಲೆದು 1829ರ ಮೇ 29ರಂದು ಜಿನೀವಾದಲ್ಲಿ ನಿಧನನಾದನು. ಪ್ರಾಯ ಐವತ್ತು.

ಅದೇ ಕಾಲಕ್ಕೆ ಆತನ ದಾಯಾದಿ ಸಹೋದರ ಎಡ್ಮಂಡ್ ಡೇವಿ ಸತುವಿನ ತುಂಡುಗಳನ್ನು ಜೋಡಿಸಿ ಕಡಲಿನ ಕಬ್ಬಿಣವನ್ನು ತುಕ್ಕಿನಿಂದ ಕಾಯುವ ಪ್ರಯೋಗಕ್ಕೆ ಕೈಹಾಕಿದ್ದನು. 1837ರಲ್ಲಿ ಫ್ರಾನ್ಸಿನ ಸೊರೆಲ್ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ನಮ್ಮ ಬಾವಿಕಟ್ಟೆಯ ಜಿ.ಐ. ಬಾಲ್ದಿ ಗೀರಿದರೂ ಬೇಗ ತುಕ್ಕು ಹಿಡಿಯದಿರುವುದು, ತವರ ಬಳಿದ ಡಬ್ಬಿ ಗೀರಿದ ಕೂಡಲೇ ಕೆಂಪಾಗುವುದು — ಎರಡಕ್ಕೂ ಕಾರಣ ಒಂದೇ: ಸತು ಕಬ್ಬಿಣಕ್ಕಾಗಿ ತಾನು ಸವೆಯುತ್ತದೆ, ತವರವು ಕಬ್ಬಿಣವನ್ನೇ ಸವೆಯಿಸುತ್ತದೆ. ಉಕ್ಕಿನ ಮೀನುಗಾರಿಕಾ ದೋಣಿಗಳನ್ನು ದುರಸ್ತಿಗೆಂದು ದಡಕ್ಕೇರಿಸಿದಾಗ ಚುಕ್ಕಾಣಿಯ ಬಳಿ ಇಟ್ಟಿಗೆಯಾಕಾರದ ಸತುವಿನ ತುಂಡುಗಳು ಕಾಣುತ್ತವೆ. ಅರ್ಧ ಕರಗಿ, ಒರಟಾಗಿ, ಬೂದುಬಣ್ಣಕ್ಕೆ ತಿರುಗಿರುತ್ತವೆ. ಕೆಲಸಗಾರರು ಅವನ್ನು ಬಿಚ್ಚಿ ಹೊಸದನ್ನು ಬಿಗಿದು ದೋಣಿಯನ್ನು ಮತ್ತೆ ನೀರಿಗಿಳಿಸುತ್ತಾರೆ.