ಅಕ್ಷರ ಒಲಿಯದ ನವಾಬ: ಹೈದರ್ ಅಲಿ ಖಾನ್

ಮದ್ದೂರು, ಮಳವಳ್ಳಿ ಸೀಮೆಯಲ್ಲಿ ನವಾಬ್ ಹೈದರ್ ಅಲಿ ಖಾನರ ಹೆಸರು ಕೇಳದವರು ಯಾರಿದ್ದಾರೆ? ಮದ್ದೂರಿನ ಕೋಟೆಯನ್ನು ಮತ್ತೆ ಕಟ್ಟಿಸಿದವರು ಅವರು. ಮಳವಳ್ಳಿಯನ್ನು ಮಗ ಟಿಪ್ಪುವಿಗೆ ಜಹಗೀರಾಗಿ ಕೊಟ್ಟವರೂ ಅವರೇ. ಅವರ ಯುದ್ಧಗಳನ್ನು ನಾವೆಲ್ಲ ಪಠ್ಯಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದಿದ್ದೇವೆ. ಅಂಥ ಒಂದು ಪುಸ್ತಕವನ್ನು ಅವರ ಕೈಗೆ ಕೊಟ್ಟಿದ್ದರೆ ಒಂದು ಸಾಲನ್ನೂ ಓದಲು ಅವರಿಂದ ಆಗುತ್ತಿರಲಿಲ್ಲ ಎಂಬುದನ್ನು ಮಾತ್ರ ಮಕ್ಕಳಿಗೆ ನಾವು ಹೇಳುವುದಿಲ್ಲ.

ಅವರು ಹುಟ್ಟಿದ್ದು 1720ರ ಆಸುಪಾಸಿನಲ್ಲಿ, ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ತಂದೆ ಫತೇ ಮುಹಮ್ಮದರು ಸಿರಾದ ಸೇವೆಯಲ್ಲಿದ್ದು, ಹೈದರ್ ಚಿಕ್ಕವರಿದ್ದಾಗಲೇ ಕಾಳಗದಲ್ಲಿ ಮಡಿದರು. ತಂದೆಯ ಸಾಲದ ನೆಪದಲ್ಲಿ ದೊಡ್ಡಬಳ್ಳಾಪುರದ ಅಧಿಕಾರಿಯು ಹೈದರರನ್ನೂ ಅಣ್ಣ ಶಹಬಾಜರನ್ನೂ ನಗಾರಿಯೊಳಗೆ ತುಂಬಿ ಹಿಂಸಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಮೈಸೂರಿನ ಸೇವೆಯಲ್ಲಿದ್ದ ಬಂಧುವೊಬ್ಬರು ಬಿಡಿಸಿಕೊಂಡು ಬಂದರು. ಹೀಗೆ ಬೆಳೆದ ಯತೀಮ ಮಗುವಿಗೆ ಉಸ್ತಾದರ ಮುಂದೆ ಹಲಗೆ ಹಿಡಿದು ಕೂರುವ ಭಾಗ್ಯ ಎಲ್ಲಿಯದು! 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೆಸರು ಮಾಡಿದರು, 1755ರಲ್ಲಿ ದಿಂಡಿಗಲ್ಲಿನ ಫೌಜುದಾರರಾದರು, 1761ರ ಹೊತ್ತಿಗೆ ಮೈಸೂರಿನ ಆಡಳಿತವೇ ಅವರ ಕೈಗೆ ಬಂತು.

ಓದು ಬಾರದ ಮನುಷ್ಯ ರಾಜ್ಯ ನಡೆಸಿದ್ದು ಹೇಗೆ? ಕನ್ನಡ, ಹಿಂದೂಸ್ತಾನಿ, ಮರಾಠಿ, ತೆಲುಗು, ತಮಿಳು, ಈ ಐದು ಭಾಷೆಗಳಲ್ಲಿ ಅವರು ಸರಾಗವಾಗಿ ಮಾತನಾಡುತ್ತಿದ್ದರು. ಲೆಕ್ಕವನ್ನು ಬಾಯಲ್ಲೇ ಮಾಡಿ ಶಾನುಭೋಗರನ್ನು ಸರಿಗಟ್ಟುತ್ತಿದ್ದರು. 1779ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಪಾದ್ರಿ ಶ್ವಾರ್ಟ್ಸ್ ದರ್ಬಾರಿನಲ್ಲಿ ಕುಳಿತು ಕಂಡದ್ದನ್ನು ದಾಖಲಿಸಿದ್ದಾರೆ. ನವಾಬರು ಒಬ್ಬ ಮುನ್ಷಿಗೆ ಪತ್ರ ಹೇಳಿ ಬರೆಸಿ, ಅವನಿಂದಲೇ ಓದಿಸಿ, ಆಮೇಲೆ ಇನ್ನೊಬ್ಬನನ್ನು ಕರೆದು ಅದೇ ಪತ್ರವನ್ನು ಮತ್ತೆ ಓದಿಸುತ್ತಿದ್ದರು. ಹೇಳಿದ್ದಕ್ಕೂ ಬರೆದದ್ದಕ್ಕೂ ಕೂದಲೆಳೆಯ ವ್ಯತ್ಯಾಸ ಕಂಡರೆ ಬರೆದವನ ತಲೆ ಉಳಿಯುತ್ತಿರಲಿಲ್ಲ. ಈ ಕ್ರೌರ್ಯವನ್ನು ಸಮರ್ಥಿಸುವ ಅಗತ್ಯ ನಮಗಿಲ್ಲ. ಆದರೆ ಓದು ಬಾರದವನು ಓದುಬಲ್ಲವರನ್ನು ಎಷ್ಟು ನೆಚ್ಚಿ ಬದುಕಬೇಕು, ಎಷ್ಟು ಅಂಜಬೇಕು ಎಂಬುದು ಇದರಲ್ಲಿ ಕಾಣುತ್ತದೆ. ಅವರ ಲೆಕ್ಕಪತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಖಂಡೇರಾಯನೇ 1760ರಲ್ಲಿ ತಿರುಗಿಬಿದ್ದು, ಹೈದರರು ಸಂಸಾರವನ್ನೂ ಬಿಟ್ಟು ರಾತ್ರೋರಾತ್ರಿ ಕಾವೇರಿ ದಾಟಿ ಓಡಬೇಕಾಗಿತ್ತು.

ಅವರ ಸಹಿಯ ಸಂಗತಿ ಇನ್ನೂ ವಿಶೇಷ. ತಮ್ಮ ಹೆಸರಿನ ಮೊದಲ ಅಕ್ಷರ 'ಹೇ' ಒಂದನ್ನೇ ಅವರು ಬರೆಯುತ್ತಿದ್ದುದು, ಅದನ್ನೂ ತಿರುವುಮುರುವಾಗಿ. ಕಲಿಯಲಾಗದೆ ಹಾಗೆ ಬರೆದರೋ, ತಮ್ಮದೇ ಗುರುತಾಗಿರಲಿ ಎಂದು ಬರೆದರೋ ಎಂದು ಇತಿಹಾಸಕಾರ ವಿಲ್ಕ್ಸ್ ಅನುಮಾನಿಸಿದ್ದಾನೆ. ಈಗ ಕೆಲವರು ಇದನ್ನು ನೋಡಿದೊಡನೆ ಡಿಸ್ಲೆಕ್ಸಿಯಾ ಎಂದುಬಿಡುತ್ತಾರೆ. ಅಷ್ಟು ಅವಸರ ಬೇಡ. ಅಕ್ಷರವನ್ನು ತಿರುಗಿಸಿ ಬರೆಯುವುದು ಕಲಿಕೆಯ ಆರಂಭದಲ್ಲಿ ಎಷ್ಟೋ ಮಕ್ಕಳಲ್ಲಿ ಇರುವಂಥದ್ದೇ. ಡಿಸ್ಲೆಕ್ಸಿಯಾದ ಮೂಲ ತೊಡಕು ಕಣ್ಣಿನದಲ್ಲ, ಕೇಳಿದ ಧ್ವನಿಗೂ ಬರೆದ ಅಕ್ಷರಕ್ಕೂ ನಂಟು ಕೂಡಿಸುವುದರದು. ಬುದ್ಧಿಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೊಕ್ಕರೆ ಬೆಳ್ಳೂರಿನ ಕಡೆಯ ಒಬ್ಬ ಹುಡುಗ ನನಗೆ ನೆನಪಾಗುತ್ತಾನೆ. ಯಾವ ಹುಣಸೆಮರದಲ್ಲಿ ಹೆಜ್ಜಾರ್ಲೆ ಎಷ್ಟು ಗೂಡು ಕಟ್ಟಿದೆ, ಯಾವುದರಲ್ಲಿ ಮರಿಯಾಗಿದೆ ಎಂದು ಬೆರಳೆಣಿಸಿ ಹೇಳುತ್ತಿದ್ದ. ಪುಸ್ತಕ ತೆರೆದರೆ 'ಪ' ಯಾವುದು 'ಷ' ಯಾವುದು ತಿಳಿಯದು, ಒತ್ತಕ್ಷರ ಬಂದರೆ ಬೆವರು. ದಡ್ಡನೆಂದು ನಾವೆಲ್ಲ ಹಣೆಪಟ್ಟಿ ಹಚ್ಚಿದೆವು, ಹೆಚ್ಚಾಗಿ ನಾನೇ. ಆಗ ನನಗೆ ತಿಳಿದಿರಲಿಲ್ಲ. ಇಂಥ ಮಗುವಿಗೆ ಮೊದಲು ಶಬ್ದವನ್ನು ಬಿಡಿಸಿ ಕೇಳಿಸಬೇಕು. ಒಂದೊಂದೇ ಅಕ್ಷರವನ್ನು ಮರಳಿನ ಮೇಲೆ ಬೆರಳಲ್ಲಿ ತಿದ್ದಿಸುತ್ತಾ ಬಾಯಲ್ಲಿ ಉಚ್ಚರಿಸಬೇಕು, ಅದು ಗಟ್ಟಿಯಾದ ಮೇಲೆ ಮುಂದಿನದು. ಪಾಠವನ್ನು ಮನೆಯವರು ಓದಿ ಹೇಳಲಿ, ಉತ್ತರವನ್ನು ಮಗು ಬಾಯಲ್ಲಿ ಕೊಡಲಿ. ಸಂಶಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಪರೀಕ್ಷೆ ಮಾಡಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿಗಳೂ ಸಿಗುತ್ತವೆ. ಎಷ್ಟೋ ಪೋಷಕರು ನಾಚಿಕೊಂಡು ಇದನ್ನು ಕೇಳುವುದೇ ಇಲ್ಲ.

ಹೈದರರು ನಾಚಿಕೊಂಡಂತೆ ಕಾಣುವುದಿಲ್ಲ. ತಮಗೆ ಓದು ಬಾರದೆಂಬುದನ್ನು ಪರದೇಶಿಯವರಿಂದಲೂ ಮರೆಮಾಚಲಿಲ್ಲ. ಮಗನಿಗೆ ಮಾತ್ರ ಉಸ್ತಾದರನ್ನಿಟ್ಟು ಓದಿಸಿದರು.

1782ರ ಡಿಸೆಂಬರ್ 7ರಂದು, ದಂಡಿನಲ್ಲಿದ್ದಾಗಲೇ, ಚಿತ್ತೂರಿನ ಬಳಿ ಬೆನ್ನಿನ ಹುಣ್ಣಿನಿಂದ ಅವರು ತೀರಿಕೊಂಡರು. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಅವರ ಸಮಾಧಿಯಿದೆ. 1799ರಲ್ಲಿ ಇಂಗ್ಲಿಷರು ಅರಮನೆಯನ್ನು ವಶಪಡಿಸಿಕೊಂಡಾಗ ಟಿಪ್ಪುವಿನ ಗ್ರಂಥಭಂಡಾರದಲ್ಲಿ ಸುಮಾರು 2,000 ಪುಸ್ತಕಗಳಿದ್ದವು. ಚಾರ್ಲ್ಸ್ ಸ್ಟೀವರ್ಟ್ ಅವುಗಳ ಪಟ್ಟಿಯನ್ನು ತಯಾರಿಸಿ 1809ರಲ್ಲಿ ಅಚ್ಚು ಹಾಕಿಸಿದ.