ಮಧ್ಯಾಹ್ನದ ನೆರಳು

ಒಬ್ಬರ ಅಪರಾಧಕ್ಕೆ ಲೋಕವು ಮತ್ತೊಬ್ಬರನ್ನು ದಂಡಿಸುವುದುಂಟು. ಅಮೆರಿಕದ ಅಭಿನೇತ್ರಿ ಜೋನ್ ಬೆನೆಟ್‌ಳ ಜೀವನವನ್ನು ನೆನೆದಾಗಲೆಲ್ಲ ಈ ಮಾತು ನನ್ನ ಮನಸ್ಸಿಗೆ ಬರುತ್ತದೆ.

ಆಕೆ ಹುಟ್ಟಿದ್ದು 1910ರಲ್ಲಿ, ನ್ಯೂಜೆರ್ಸಿಯಲ್ಲಿ. ತಂದೆ ರಿಚರ್ಡ್ ಬೆನೆಟ್ ಹೆಸರಾಂತ ರಂಗನಟ. 16ನೆಯ ವಯಸ್ಸಿಗೆ ವಿವಾಹ. 18 ತುಂಬುವ ಮೊದಲೇ ತಾಯ್ತನ. ಅದೇ ವರ್ಷ ವಿಚ್ಛೇದನ. ಅನಂತರ ತಂದೆಯ ವೃತ್ತಿಯನ್ನೇ ಹಿಡಿದು ಚಿತ್ರರಂಗಕ್ಕೆ ಬಂದಳು. 1938ರಲ್ಲಿ ಒಂದು ಚಿತ್ರಕ್ಕಾಗಿ ಹೊಂಗೂದಲನ್ನು ಕಪ್ಪಾಗಿಸಿಕೊಂಡ ಮೇಲೆ ಆಕೆಯ ಪಾತ್ರಗಳ ಬಣ್ಣವೂ ಬದಲಾಯಿತು. ಫ್ರಿಟ್ಸ್ ಲಾಂಗ್ ನಿರ್ದೇಶಿಸಿದ ನಾಲ್ಕು ಚಿತ್ರಗಳಲ್ಲಿ ನಟಿಸಿ ಕೀರ್ತಿಯ ಶಿಖರವನ್ನು ಮುಟ್ಟಿದಳು.

1951ರ ಡಿಸೆಂಬರ್ 13ರಂದು ಆ ಕೀರ್ತಿಗೆ ಸಿಡಿಲು ಬಡಿಯಿತು. ಪತಿ, ನಿರ್ಮಾಪಕ ವಾಲ್ಟರ್ ವೇಂಗರ್, ಸಂಶಯದಿಂದ ಕುದಿದು ಆಕೆಯ ಪ್ರತಿನಿಧಿಯಾದ ಜೆನ್ನಿಂಗ್ಸ್ ಲ್ಯಾಂಗ್‌ನ ಮೇಲೆ ಗುಂಡು ಹಾರಿಸಿದ. ಗಾಯಗೊಂಡವನು ಬದುಕಿದ. ಗುಂಡು ಹಾರಿಸಿದವನು ಕೆಲವೇ ತಿಂಗಳ ಸೆರೆವಾಸ ಮುಗಿಸಿ ಮತ್ತೆ ಚಿತ್ರಗಳನ್ನು ತಯಾರಿಸಿದ. ಬಾಗಿಲು ಮುಚ್ಚಿದ್ದು ಮಾತ್ರ ಜೋನ್‌ಳಿಗೆ. ಅದಕ್ಕೆ ಮುಂಚೆ ಅರುವತ್ತಕ್ಕೂ ಮಿಕ್ಕ ಚಿತ್ರಗಳಲ್ಲಿ ನಟಿಸಿದ್ದವಳಿಗೆ, ಮುಂದಿನ ಹತ್ತು ವರ್ಷಗಳಲ್ಲಿ ಬೆರಳೆಣಿಕೆಯಷ್ಟೇ ಪಾತ್ರಗಳು ದೊರೆತುವು.

1966ರ ಜೂನ್‌ನಲ್ಲಿ ಆಕೆ 'ಡಾರ್ಕ್ ಷ್ಯಾಡೋಸ್' ಎಂಬ ದೂರದರ್ಶನ ಧಾರಾವಾಹಿಗೆ ಬಂದಳು. ಮಧ್ಯಾಹ್ನದ ಧಾರಾವಾಹಿಗಳೆಂದರೆ ಗೃಹಿಣಿಯರ ಕಾಲಕ್ಷೇಪವೆಂದು ಚಿತ್ರರಂಗದ ಗಣ್ಯರಿಗೆ ತಾತ್ಸಾರ. ಅಲ್ಲಿ ಜೋನ್ ವಹಿಸಿದ್ದು ಹದಿನೆಂಟು ವರ್ಷ ಹಳೆಯ ಮಹಲಿನ ಹೊಸ್ತಿಲನ್ನೇ ದಾಟದ ಎಲಿಜಬೆತ್‌ಳ ಪಾತ್ರವನ್ನು. ಪತಿಯನ್ನು ತಾನೇ ಕೊಂದೆನೆಂದು ನಂಬಿ ಅವಳು ತನ್ನನ್ನು ತಾನೇ ಬಂಧಿಸಿಕೊಂಡಿದ್ದಾಳೆ; ಕಡೆಗೆ ಆ ಕೊಲೆ ನಡೆದೇ ಇರಲಿಲ್ಲವೆಂದು ತಿಳಿಯುತ್ತದೆ. ಮಾಡದ ಪಾಪಕ್ಕೆ ಸೆರೆಯನ್ನು ಅನುಭವಿಸಿದ ಹೆಣ್ಣಿನ ಈ ಪಾತ್ರವನ್ನು ಜೋನ್‌ಳಿಗಿಂತ ಬಲ್ಲವರು ಯಾರಿದ್ದರು?

ಮೊದಮೊದಲು ಪ್ರೇಕ್ಷಕರು ವಿರಳ. 1967ರಲ್ಲಿ ಬಾರ್ನಬಸ್ ಎಂಬ ರಕ್ತಪಿಶಾಚಿ ಕಥೆಯನ್ನು ಹೊಕ್ಕ ಮೇಲೆ, ಶಾಲೆ ಬಿಟ್ಟ ಮಕ್ಕಳು ಮನೆಗೆ ಓಡಿಬಂದು ಪೆಟ್ಟಿಗೆಯ ಮುಂದೆ ಕುಳಿತರು. ಕೆಲಕಾಲಕ್ಕೆಂದು ಬಂದ ಪಿಶಾಚಿಯನ್ನು ಪ್ರೇಕ್ಷಕರ ಒಲವೇ ಉಳಿಸಿಕೊಂಡಿತು. ಮರುಚಿತ್ರಣ ದುಬಾರಿಯಾದುದರಿಂದ ಮಾತಿನ ತಡವರಿಕೆಗಳೂ ಅಲುಗುವ ಗೋಡೆಗಳೂ ಹಾಗೆಯೇ ಪ್ರಸಾರವಾಗುತ್ತಿದ್ದುವು. ನೋಡುವವರು ಅವನ್ನೂ ಪ್ರೀತಿಸಿದರು. 1971ರಲ್ಲಿ ಮುಗಿಯುವ ವೇಳೆಗೆ ಕಂತುಗಳು 1225.

ಜೋನ್ 1990ರಲ್ಲಿ ತೀರಿಕೊಂಡಳು. ಆಕೆಯ ಹಿಂದಿನ ಕಥೆಯನ್ನು ಆ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲವರಾಗಿದ್ದರು? ಅವರಿಗೆ ಆಕೆ ಮಹಲಿನ ಒಡತಿ, ಅಷ್ಟೆ. ದೊಡ್ಡವರ ಚಿತ್ರರಂಗ ನಿರಾಕರಿಸಿದ ಗೌರವವನ್ನು, ಏನನ್ನೂ ವಿಚಾರಿಸದೆ, ಈ ಪುಟ್ಟ ಪ್ರೇಕ್ಷಕರು ಸಲ್ಲಿಸಿದರೆಂದು ನಾನು ತಿಳಿಯುತ್ತೇನೆ.