ಉಣ್ಣಿಯ ಗುಟ್ಟು ಬಯಲಿಗೆಳೆದ ಥಿಯೋಬಾಲ್ಡ್ ಸ್ಮಿತ್

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಒಕ್ಕಲು ಮಕ್ಕಳಿಗೆ ಉಣ್ಣಿಯ ಪರಿಚಯ ಹೇಳಬೇಕಾಗಿಲ್ಲ. ದನದ ಕಿವಿಯಲ್ಲಿ, ಕೆಚ್ಚಲಲ್ಲಿ, ಬಾಲದ ಬುಡದಲ್ಲಿ ಕಚ್ಚಿಕೊಂಡು, ರಕ್ತ ಹೀರಿ ಔಡಲ ಬೀಜದಂತೆ ಉಬ್ಬುವ ಈ ಕ್ಷುದ್ರ ಪ್ರಾಣಿಯು ಮಾರಕ ಜ್ವರವನ್ನೂ ಹೊತ್ತು ತರುವುದೆಂಬುದನ್ನು ಸಿದ್ಧಪಡಿಸಿ ತೋರಿಸಿದವನು ಅಮೆರಿಕೆಯ ಥಿಯೋಬಾಲ್ಡ್ ಸ್ಮಿತ್. ಈತನ ಚರಿತ್ರೆಯನ್ನು ನಮ್ಮ ಗಡಿನಾಡಿನ ಗೋಪಾಲಕರು ಅರಿಯಬೇಕೆಂಬುದು ನನ್ನ ಬಯಕೆ.

ಸ್ಮಿತ್ತನು 1859ರಲ್ಲಿ ನ್ಯೂಯಾರ್ಕ್ ಪ್ರಾಂತದ ಆಲ್ಬನಿಯಲ್ಲಿ, ಜರ್ಮನಿಯಿಂದ ವಲಸೆ ಬಂದ ದಂಪತಿಗಳ ಮಗನಾಗಿ ಹುಟ್ಟಿದನು. 1883ರಲ್ಲಿ ವೈದ್ಯಪದವಿ ಪಡೆದರೂ ಚಿಕಿತ್ಸಾವೃತ್ತಿ ಹಿಡಿಯದೆ, ವಾಷಿಂಗ್ಟನ್ನಿನ ಸರಕಾರಿ ಪಶು ಇಲಾಖೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತನು. ಅಲ್ಲಿ ಅವನು ಹಂದಿಗಳಲ್ಲಿ ಕಂಡ ರೋಗಾಣುವಿನ ಕುಲಕ್ಕೆ ಮುಂದೆ ಮೇಲಧಿಕಾರಿ ಸಾಲ್ಮನ್ನನ ಹೆಸರು ನಿಂತಿತು.

ಆ ಕಾಲದಲ್ಲಿ ಟೆಕ್ಸಾಸ್ ಜ್ವರವೆಂಬ ಪಿಡುಗು ಅಮೆರಿಕೆಯನ್ನು ಕಾಡುತ್ತಿತ್ತು. ದಕ್ಷಿಣದ ದನಗಳು ತಾವು ಸೌಖ್ಯವಾಗಿಯೇ ಇದ್ದು ಉತ್ತರದ ಹುಲ್ಲುಗಾವಲುಗಳನ್ನು ಹಾದುಹೋಗುತ್ತಿದ್ದವು. ಕೆಲವು ವಾರಗಳ ಬಳಿಕ ಅಲ್ಲಿ ಮೇಯ್ದ ಉತ್ತರದ ದನಗಳು ನೆತ್ತರು ಬಣ್ಣದ ಮೂತ್ರ ಹೊಯ್ದು ಸಾಯುತ್ತಿದ್ದವು. ಇದು ಉಣ್ಣಿಯ ಕೆಲಸವೆಂದು ದನಗಾಹಿಗಳು ಹೇಳಿದರೆ ಪಂಡಿತರು ನಗುತ್ತಿದ್ದರು. ಸ್ಮಿತ್ತನು ನಗಲಿಲ್ಲ. ಅವನ ಹಿರಿಮೆ ನನಗೆ ಇಲ್ಲಿಯೇ ಕಾಣುತ್ತದೆ.

1889ರಲ್ಲಿ ಅವನೂ ಕಿಲ್‌ಬೋರ್ನನೂ ದಕ್ಷಿಣದ ದನಗಳನ್ನು ತರಿಸಿ ಪರೀಕ್ಷೆಗೆ ತೊಡಗಿದರು. ಒಂದು ಆವರಣದಲ್ಲಿ ಉಣ್ಣಿಸಹಿತ ದನಗಳು. ಇನ್ನೊಂದರಲ್ಲಿ ಉಣ್ಣಿಗಳನ್ನು ಕೈಯಿಂದ ಆರಿಸಿ ತೆಗೆದ ದನಗಳು. ಮತ್ತೊಂದರಲ್ಲಿ ದನಗಳೇ ಇಲ್ಲದೆ ಹುಲ್ಲಿಗೆ ಚೆಲ್ಲಿದ ಬರಿಯ ಉಣ್ಣಿಗಳು. ಮೂರರಲ್ಲಿಯೂ ಉತ್ತರದ ದನಗಳನ್ನು ಬಿಟ್ಟರು. ಉಣ್ಣಿ ಇದ್ದಲ್ಲಿ ಜ್ವರ ಬಂದಿತು, ಇಲ್ಲದಲ್ಲಿ ಬರಲಿಲ್ಲ. ತಾಯಿ ಉಣ್ಣಿ ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆಯಿಡುತ್ತದೆ. ರೋಗದ ಬೀಜ ಮೊಟ್ಟೆಯ ಮೂಲಕ ಮರಿಗೂ ಇಳಿಯುತ್ತದೆ. ವಾರಗಳ ವಿಳಂಬಕ್ಕೆ ಮೊಟ್ಟೆಯೊಡೆಯುವ ಅವಧಿಯೇ ಕಾರಣ. ಕೆಂಪು ರಕ್ತಕಣದೊಳಗಿನ ಪರೋಪಜೀವಿಯನ್ನೂ ವಿವರಿಸಿ ಅವರು 1893ರಲ್ಲಿ ಪ್ರಬಂಧ ಪ್ರಕಟಿಸಿದರು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸನು ಸೊಳ್ಳೆಯಲ್ಲಿ ಮಲೇರಿಯದ ಅಣುವನ್ನು ಕಂಡದ್ದು ಅದಾಗಿ ನಾಲ್ಕು ವರುಷಕ್ಕೆ, 1897ರಲ್ಲಿ.

ಮುಂದೆ 1898ರಲ್ಲಿ ಸ್ಮಿತ್ತನು ಮನುಷ್ಯರ ಮತ್ತು ದನಗಳ ಕ್ಷಯರೋಗಾಣುಗಳು ಬೇರೆಬೇರೆಯೆಂದು ತೋರಿಸಿದನು; 1934ರಲ್ಲಿ ತೀರಿಕೊಂಡನು. 1906ರಲ್ಲಿ ಆರಂಭವಾದ ಉಣ್ಣಿ ನಿರ್ಮೂಲನ ಕಾರ್ಯವು ಅಮೆರಿಕೆಯ ಬಹುಭಾಗವನ್ನು ಆ ಜ್ವರದಿಂದ ಬಿಡಿಸಿತು.

ನಮ್ಮ ಸೀಮೆಗೆ ಇದರಿಂದೇನು ಎಂದು ಕೇಳಬಹುದು. ಟೆಕ್ಸಾಸ್ ಜ್ವರದ ಅಣು ನಮ್ಮಲ್ಲಿಯೂ ಉಂಟು. ಭೂಮಧ್ಯ ಸಮುದ್ರದ ತೀರದಿಂದ ಭಾರತದವರೆಗೂ ಹಬ್ಬಿರುವ ಥೈಲೇರಿಯ ಜ್ವರವನ್ನು ಇನ್ನೊಂದು ಜಾತಿಯ ಉಣ್ಣಿ ತರುತ್ತದೆ. ಖಿಲಾರಿ, ಕೃಷ್ಣಾ ಕಣಿವೆಯ ತಳಿಗಳಂಥ ದೇಸಿ ದನಗಳು ಇವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಹೆಚ್ಚು ಹಾಲಿನಾಸೆಗೆ ಸಾಲ ಮಾಡಿ ತಂದ ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಯ ಆಕಳು ಬೇಗ ನೆಲ ಹಿಡಿಯುತ್ತದೆ. ಥೈಲೇರಿಯ ತರುವ ಉಣ್ಣಿಯು ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿಯೂ ಅಡಗುವುದರಿಂದ ದನದ ಮೈಯನ್ನಷ್ಟೇ ತೊಳೆದರೆ ಸಾಲದು. ಬಿರುಕು ಮುಚ್ಚಿ ಗೋಡೆ ಸಾರಿಸಬೇಕು, ಜ್ವರ ಕಂಡೊಡನೆ ಪಶುವೈದ್ಯರನ್ನು ಕರೆಯಬೇಕು.

ಹಾಗೆ ಬಂದ ವೈದ್ಯರೂ ದನ ಕಟ್ಟಿದವನ ಮಾತಿಗೆ ಕಿವಿಗೊಡಲಿ ಎಂದು ಹಾರೈಸುತ್ತೇನೆ. ಅನಕ್ಷರಸ್ಥ ದನಗಾಹಿಯ ಅನುಭವವನ್ನು ತಳ್ಳಿಹಾಕದೆ ಪರೀಕ್ಷೆಗೊಡ್ಡಿದ್ದರಿಂದಲೇ ಸ್ಮಿತ್ತನಿಗೆ ಸತ್ಯ ದೊರೆಯಿತು.